ಚಾಚಾ ಕೊಟ್ಟ ಬುಟ್ಟಿ

ಆ ಭಾನುವಾರ ಬೆಳಿಗ್ಗೆ ಚಾಚಾ ಗೋಡೆಯ ಆಚೆಯಿಂದ ನನ್ನನ್ನು ಕೂಗಿದರು. ನಮ್ಮ ಎರಡು ಮನೆಗಳ ಹಿತ್ತಲಿನ ನಡುವೆ ಸೊಂಟದೆತ್ತರದ ಮಣ್ಣಿನ ಗೋಡೆ ಇತ್ತು. ನಾನು ಮಗ್ಗದ ಕುಣಿಯಿಂದ ಎದ್ದು ಹೋದಾಗ ಅವರು ಕೈಯಲ್ಲಿ ಒಂದು ಹಳೆಯ ಮೊರ ಹಿಡಿದು ನಿಂತಿದ್ದರು. ಹೊಳೆ ದಂಡೆಯ ಹಮ್ಮಿಗಿಯಿಂದ ಅವರ ತಮ್ಮ ಬಂದಿದ್ದರು. ತಮ್ಮನ ಕಂಕುಳಲ್ಲಿ ಕೆಂಪು ಬಣ್ಣದ ಎಳೆಯ ಹುಂಜವೊಂದು ಕಣ್ಣು ಪಿಳುಕಿಸುತ್ತಿತ್ತು.

“ಬಾರೋ ತಮ್ಮಾ, ಈ ಮೊರ ಒಗಿ ಬಾ. ನನ್ನ ರಟ್ಟಿ ಮ್ಯಾಲ ಏಳವಲ್ದು,” ಎಂದರು ಚಾಚಾ ನನಗೆ.

ಮೊರ ಒಗೆಯುವುದು ಅವರ ಪರೀಕ್ಷೆ. ಬಿಸಿಲಿನಲ್ಲಿ ಮೊರವನ್ನು ಎತ್ತರಕ್ಕೆ ಎಸೆದರೆ ಅದರ ನೆರಳು ಹಿತ್ತಲಿನ ತುಂಬ ಓಡುತ್ತದೆ. ಕೋಳಿಗಳು ಹದ್ದು ಬಂತೆಂದು ತಿಳಿಯುತ್ತವೆ. ಕೆಲವು ಸುಮ್ಮನೆ ಓಡಿಹೋಗಿ ಸಂದಿ ಸೇರುತ್ತವೆ. ಕೆಲವು ಬಾಯಿ ಬಿಟ್ಟುಕೊಂಡು ಅಲ್ಲೇ ನಿಲ್ಲುತ್ತವೆ. ಒಂದೋ ಎರಡೋ ಮಾತ್ರ ಮೊದಲು ಕೂಗಿ, ಮರಿಗಳನ್ನು ಸೇರಿಸಿಕೊಂಡು, ಆಮೇಲೆ ತಾವು ಅಡಗುತ್ತವೆ. ಚಾಚಾ ಆ ಒಂದೆರಡನ್ನು ನೋಡಲು ಕಾದಿರುತ್ತಿದ್ದರು.

ನಾನು ಮೊರ ಎಸೆದೆ. ಹಿತ್ತಲು ಒಮ್ಮೆಲೇ ಕೆದರಿತು.

“ಮೊದಲ ಯಾವುದು ಒದರಿತು?” ಎಂದರು ಚಾಚಾ.

“ಬೂದಿ ಹ್ಯಾಟಿ,” ಎಂದರು ತಮ್ಮ.

“ಹೊಳಿ ನೀರು ಕುಡದು ಕುಡದು ನಿನ್ನ ಕಣ್ಣಿಗೆ ಪಾಚಿ ಬಂದೈತಿ. ಬೂದಿ ಅಲ್ಲಲೇ, ಅದರ ಹಿಂದಿಂದು. ಕಪ್ಪ ಕಾಲಿಂದು.”

ಆಗ ತಮ್ಮ, ಕಂಕುಳಲ್ಲಿದ್ದ ಹುಂಜವನ್ನು ನೆಲಕ್ಕೆ ಬಿಟ್ಟರು. ಅದಕ್ಕೆ ಆ ಹಿತ್ತಲು ಹೊಸದು. ಸ್ವಲ್ಪ ಹೊತ್ತು ಕಾದು ಚಾಚಾ ನನಗೆ ಕಣ್ಣು ಮಾಡಿದರು. ಮೊರ ಇನ್ನೊಮ್ಮೆ ಮೇಲೆ ಹೋಯಿತು. ಆ ಹುಂಜ ಓಡಲಿಲ್ಲ. ಕತ್ತು ಓರೆ ಮಾಡಿ ಮೇಲೆ ನೋಡಿ, ಗಂಟಲಲ್ಲಿ ಒಂದು ಉದ್ದನೆಯ ದನಿ ತೆಗೆದು, ಪರಿಚಯವಿಲ್ಲದ ಹೇಂಟೆಗಳೆಲ್ಲ ಗೋಡೆಯ ಬುಡ ಸೇರುವವರೆಗೂ ಬಯಲಿನಲ್ಲೇ ನಿಂತಿತ್ತು. ಚಾಚಾ ತಮ್ಮನ ಬೆನ್ನ ಮೇಲೆ ಕೈ ಇಟ್ಟರು.

ನಮ್ಮ ಸೀಮೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಚಳಿಗಾಲ ಅದು. ಗದಗಿನಲ್ಲಿ ಮೆರವಣಿಗೆಗಳಾಗಿ ಹೆಚ್ಚು ದಿನ ಆಗಿರಲಿಲ್ಲ. ಹೊಳೆಯ ಆಚೆಯ ಬೀಗರು ಇನ್ನು ಮೇಲೆ ಬೇರೆ ರಾಜ್ಯದವರಲ್ಲ ಎಂದು ತಮ್ಮ ಸಂಭ್ರಮದಿಂದ ಹೇಳಿದರು. ಚಾಚಾ, “ರಾಜ್ಯ ಬದಲಾತು, ಖರೆ. ಹದ್ದು ಬದಲಾಗಲಿಲ್ಲ, ನೋಡು,” ಎಂದು ಆಕಾಶ ತೋರಿಸಿದರು. ಅಣ್ಣ ತಮ್ಮ ಬಿಸಿಲಿಗೆ ಕುಳಿತು ಒಂದೇ ತಾಟಿನಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ ಉಂಡರು. ಮಧ್ಯಾಹ್ನ ಹಮ್ಮಿಗಿಯ ದಾರಿಯ ಮುಂಡರಗಿ ಮೋಟಾರು ಬಸ್ಸು ಹತ್ತಿ ತಮ್ಮ ಹೊರಟರು. ಅವರಿಬ್ಬರೂ ಒಟ್ಟಿಗೆ ಉಂಡದ್ದು ಅದೇ ಕೊನೆ.

ಚಾಚಾ ತೀರಿಕೊಂಡು ಈಗ ಎರಡು ತಿಂಗಳಾಗಿದೆ. ನಾನು ಏಳನೆಯ ಇಯತ್ತೆ ಓದಿ ಮಗ್ಗಕ್ಕೆ ಕುಳಿತವನು. ಬರೆದು ರೂಢಿ ಇಲ್ಲ. ಆದರೆ ಅವರ ಬಗ್ಗೆ ಓಣಿಯ ಜನ ಹೇಳುವ ಒಳ್ಳೆಯ ಮಾತುಗಳಲ್ಲಿ ಒಂದು ಸುಳ್ಳು ಸೇರಿಕೊಂಡಿದೆ. “ಬಾಳ ಚಲೋ ಮನಶ್ಯಾ, ಆದ್ರ ಒಡಹುಟ್ಟಿದ ತಮ್ಮಗ ಕಡೀತನಕ ಕಲ್ಲಾದ,” ಎನ್ನುತ್ತಾರೆ. ಅದು ಅವರ ತಪ್ಪಲ್ಲ ಎಂದು ಗೊತ್ತಿರುವವನು ನಮ್ಮ ಬೆಟಗೇರಿಯಲ್ಲಿ ನಾನೊಬ್ಬನೇ.

ಸ್ವಾತಂತ್ರ್ಯ ಬಂದ ವರ್ಷ ನಾನು ಈ ಓಣಿಗೆ ಮನೆ ಮಾಡಿಕೊಂಡು ಬಂದೆ. ಚಾಚಾ ಹತ್ತಿ ಹಿಂಜುವ ಪಿಂಜಾರರು. ಚಳಿಗಾಲ ಬಂತೆಂದರೆ ಬಿಲ್ಲು ಹೆಗಲಿಗೇರಿಸಿ ಮನೆ ಮನೆಗೆ ಹೋಗಿ ಹಳೆಯ ಗಾದಿಯ ಹತ್ತಿ ಹಿಂಜಿ ಕೊಡುತ್ತಿದ್ದರು. ಸಂಜೆ ತಿರುಗಿ ಬರುವಾಗ ಹುಬ್ಬು, ಗಡ್ಡ, ಕಿವಿಯ ಕೂದಲು ಎಲ್ಲ ಬಿಳಿ. ಹಾಗೇ ನೇರವಾಗಿ ಹಿತ್ತಲಿಗೆ ಹೋಗಿ ಕೋಳಿಗಳ ನಡುವೆ ಕುಕ್ಕರಗಾಲಿನಲ್ಲಿ ಕೂರುತ್ತಿದ್ದರು. ಕೋಳಿಗಳು ಅವರ ಮೈಮೇಲಿನ ಹತ್ತಿಯ ಎಳೆಗಳನ್ನು ಕುಕ್ಕಿ ತೆಗೆಯುತ್ತಿದ್ದವು. “ನನ್ನ ಸ್ವಚ್ಛ ಮಾಡಾಕ ಆಳು ಇಟ್ಟೇನಿ,” ಎಂದು ನಗುತ್ತಿದ್ದರು.

ಆ ಕೋಳಿ ಅವರ ಅಜ್ಜನ ಕಾಲದ ತಳಿ. ನೋಡಲು ಅಂಥ ಚಂದವೇನಲ್ಲ. ಗಿಡ್ಡ ಜುಟ್ಟು, ಉದ್ದನೆಯ ಕಾಲು, ಮೈಗಂಟಿದ ಗರಿ. ಆದರೆ ತಿಪ್ಪೆ ಕೆದರಿ ತಾನೇ ಹೊಟ್ಟೆ ಹೊರೆದುಕೊಳ್ಳುತ್ತಿತ್ತು. ಬೇಸಿಗೆಯಲ್ಲೂ ಮೊಟ್ಟೆ ಬಿಡುತ್ತಿರಲಿಲ್ಲ. ಕಾವಿಗೆ ಕೂತ ಹೇಂಟೆಯ ಹತ್ತಿರ ಮುಂಗುಸಿ ಬಂದರೂ ಏಳುತ್ತಿರಲಿಲ್ಲ. ಇವೆಲ್ಲ ತಾವಾಗಿಯೇ ಬಂದ ಗುಣಗಳಲ್ಲ ಎಂಬುದು ನನಗೆ ಗೊತ್ತಾದದ್ದು ಅವರ ಪಕ್ಕದಲ್ಲಿ ವರ್ಷಗಟ್ಟಲೆ ನಿಂತು ನೋಡಿದ ಮೇಲೆ. ಪ್ರತಿ ಮರಿ ಸಾಲಿನಲ್ಲೂ ಯಾವುದನ್ನು ಉಳಿಸಬೇಕು, ಯಾವುದನ್ನು ಸಂತೆಗೆ ಕಳಿಸಬೇಕು ಎಂದು ಅವರು ಆರಿಸುತ್ತಿದ್ದರು. ಹೊಸಬರು ಯಾರೇ ಬಂದರೂ ಮೈ ತುಂಬಿದ ದೊಡ್ಡ ಹುಂಜವನ್ನೇ ತೋರಿಸಿ ಇದನ್ನು ಬೀಜಕ್ಕೆ ಇಡಿ ಎನ್ನುವರು. ಚಾಚಾ ತಲೆ ಅಲ್ಲಾಡಿಸುವರು. “ದೊಡ್ಡದು ಸಂತಿಗೆ, ಶ್ಯಾಣೇದು ಮನಿಗೆ.”

ಹುಂಜ ಆರಿಸುವಾಗ ಒಂದು ಹಿಡಿ ಜೋಳ ಚೆಲ್ಲಿ ದೂರ ಕೂರುತ್ತಿದ್ದರು. ಕಾಳು ಕಂಡ ಕೂಡಲೇ ತಾನೇ ಮುಕ್ಕುವ ಹುಂಜ ಎಷ್ಟು ಚಂದವಿದ್ದರೂ ಅವರಿಗೆ ಬೇಡ. ಹೇಂಟೆಗಳನ್ನು ಕೂಗಿ ಕರೆದು, ಅವು ತಿನ್ನುವಾಗ ಸುಮ್ಮನೆ ಕಾಯುವ ಹುಂಜದ ಕಾಲಿಗೆ ಕೆಂಪು ದಾರ ಬೀಳುತ್ತಿತ್ತು. ಕೋಳಿ ಕಾಳಗದ ಹುಚ್ಚಿನವರು ಲಕ್ಷ್ಮೇಶ್ವರದ ಕಡೆಯಿಂದ ಬಂದು ಎಷ್ಟೋ ಸಲ ಕೇಳಿದರು. “ಬಡದಾಡೂದನ್ನ ಆರಿಸಿದ್ರ ಅದು ಮನ್ಯಾಗ ಮರಿ ತುಳೀತೈತ್ರಿ,” ಎಂದು ಚಹಾ ಕುಡಿಸಿ ಕಳಿಸಿದರು. ಒಮ್ಮೆ ಸರಕಾರದ ಕಡೆಯವರೊಬ್ಬರು ಹಾಲಿನಂಥ ಬಿಳಿ ಹುಂಜವನ್ನು ತಂದು, ವರ್ಷಕ್ಕೆ ಇದರ ಮಕ್ಕಳು ಎಷ್ಟೋ ಹೆಚ್ಚು ಮೊಟ್ಟೆ ಇಡುತ್ತವೆ ಎಂದು ವಿವರಿಸಿದರು. ಚಾಚಾ ಅದನ್ನು ಎತ್ತಿ ನೋಡಿ, ರೆಕ್ಕೆ ಬಿಡಿಸಿ ನೋಡಿ, ಮರ್ಯಾದೆಯಿಂದಲೇ ತಿರುಗಿ ಕೊಟ್ಟರು. “ಬಾಳ ಚಲೋ ಐತ್ರಿ ಸಾಹೇಬ್ರ. ಆದ್ರ ಹದ್ದಿಗೂ ಬಾಳ ಚಲೋ ಕಾಣತೈತಿ.”

ಬಡ ಮನೆಗಳಿಗೆ ಅವರು ಹೇಂಟೆಗಳನ್ನು ಅರ್ಧ ಪಾಲಿಗೆ ಕೊಡುತ್ತಿದ್ದರು. ಸಾಕಿದವರು ಮರಿಗಳಲ್ಲಿ ಅರ್ಧ ಇಟ್ಟುಕೊಂಡು ಅರ್ಧ ತಿರುಗಿ ಕೊಡಬೇಕು. ಒಂದೇ ಷರತ್ತು, ಆರಿಸುವಾಗ ಮೊದಲ ಕೈ ಚಾಚಾರದು. ಹೀಗೆ ಓಣಿಯ ಏಳೆಂಟು ಮನೆಗಳಲ್ಲಿ ಆ ತಳಿ ಹರಡಿತ್ತು. ಇನ್ನೊಂದು ಹಿಂಡು ಹಮ್ಮಿಗಿಯಲ್ಲಿ ತಮ್ಮನ ಹತ್ತಿರ. ಒಂದೇ ರಕ್ತ ಕೂಡಿ ಕೂಡಿ ತಳಿ ಸೊರಗಬಾರದೆಂದು ವರ್ಷಕ್ಕೊಮ್ಮೆ ಅಣ್ಣ ತಮ್ಮ ಹುಂಜ ಬದಲಿಸಿಕೊಳ್ಳುತ್ತಿದ್ದರು.

ಅವರಿಗೆ ಒಂದೇ ಒಂದು ಭಯ, ಕೋಳಿ ಬೇನೆ. ಅದಕ್ಕಾಗಿ ಒಂದು ಕಟ್ಟಳೆ ಮಾಡಿದ್ದರು. ಹೊರಗಿನ ಯಾವ ಕೋಳಿಯೂ ಇಪ್ಪತ್ತೊಂದು ದಿನ ಬೇರೆ ಇದ್ದು, ಗಟ್ಟಿ ಇದೆ ಎಂದು ಕಂಡ ಮೇಲೇ ಹಿತ್ತಲಿಗೆ ಬರಬೇಕು. ಓಣಿಯವರೂ ಇದನ್ನು ಪಾಲಿಸುತ್ತಿದ್ದರು. ಹೊರಗಿನಿಂದ ಕೋಳಿ ತಂದವರು ಹಳ್ಳದ ಆಚೆಯ ಹುಣಸೆ ಮರದ ಕೆಳಗೆ ಕಟ್ಟುತ್ತಿದ್ದರು. ಹಮ್ಮಿಗಿಯ ಹುಂಜ ಮಾತ್ರ ನೇರವಾಗಿ ಹಿತ್ತಲಿಗೆ ಬರುತ್ತಿತ್ತು. ಆ ಇಪ್ಪತ್ತೊಂದು ದಿನವನ್ನು ತಮ್ಮ ಹಮ್ಮಿಗಿಯಲ್ಲೇ ಮುಗಿಸಿ ತರುತ್ತಿದ್ದರು. ಚಾಚಾ ಅದನ್ನು ಎಂದೂ ಕೇಳಿ ಖಾತ್ರಿ ಮಾಡಿಕೊಂಡವರಲ್ಲ.

ಈಗ ಆ ಭಾನುವಾರದ ಸಂಜೆಗೆ ಬರುತ್ತೇನೆ.

ನನ್ನ ಹೆಂಡತಿ ಎರಡನೆಯ ಮಗುವಿನ ಬಾಣಂತಿ. ಮೊದಲನೆಯದು ತವರಿನಲ್ಲಾಗಿತ್ತು, ಇದು ನಮ್ಮಲ್ಲೇ. ಹಿರೇಹಂದಿಗೋಳದಿಂದ ಮಾವನವರು ಮಗಳನ್ನು ನೋಡಲು ಬಂದರು. ಕೊಬ್ಬರಿ, ಬೆಲ್ಲ, ಉಂಡೆಗೆ ಅಂಟು, ಜೊತೆಗೆ ಕಾಲು ಕಟ್ಟಿದ ಒಂದು ಹೇಂಟೆ. ಬಾಣಂತಿಗೆ ತವರಿನ ಕೋಳಿಯ ಸಾರು ಆಗಲೇಬೇಕು. ಮಾವ ಅದನ್ನು ಹೊಸ್ತಿಲ ಒಳಗೆ ಇಡುತ್ತ, “ನಮ್ಮೂರಾಗ ಕೋಳಿ ತೂಕಡಸಾಕ ಹತ್ಯಾವಪ್ಪಾ. ಇದಕ್ಕೇನೂ ಆಗಿಲ್ಲ, ಗಟ್ಟಿ ಐತಿ. ಆಗೂಕಿಂತ ಮೊದಲ ಮಗಳ ಹೊಟ್ಟಿಗೆ ಬೀಳಲಿ ಅಂತ ತಂದೆ,” ಎಂದರು.

ನಾನು ಅದನ್ನು ಸರಿಯಾಗಿ ಕೇಳಿಸಿಕೊಂಡೆ. ಕೇಳಲಿಲ್ಲ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಳ್ಳಲು ನೋಡಿದ್ದೇನೆ, ಆಗುವುದಿಲ್ಲ. ಮಗಳಿಗಾಗಿ ಕೋಳಿ ಹೊತ್ತು ನಡೆದು ಬಂದ ಮಾವನವರಿಗೆ, ಇದನ್ನು ಹಳ್ಳದ ಆಚೆ ಕಟ್ಟಿ ಬನ್ನಿ ಎನ್ನಲು ನನಗೆ ಬಾಯಿ ಬರಲಿಲ್ಲ. ಒಂದು ರಾತ್ರಿಯ ಮಾತು, ನಾಳೆ ಕೊಯ್ದರಾಯಿತು ಎಂದುಕೊಂಡೆ. ನಮ್ಮ ಮನೆಯಲ್ಲಿ ಕೋಳಿ ಸಾಕುತ್ತಿರಲಿಲ್ಲ, ಮುಚ್ಚಿಡಲು ಬುಟ್ಟಿ ಇರಲಿಲ್ಲ. ಗೋಡೆಯ ಹತ್ತಿರ ಹೋದೆ.

“ಚಾಚಾ, ಒಂದ ಬುಟ್ಟಿ ಕೊಡ್ರಿ.”

“ಯಾಕೋ?”

“ಗಂಜಿ ಹಚ್ಚಿದ ನೂಲು ಇಟ್ಟೇನ್ರಿ. ಮುಚ್ಚಾಕ.”

“ನನ್ನ ಕೋಳಿ ನಿನ್ನ ಗಂಜಿ ಕುಡದು ಸೀರಿ ನೇಯ್ತಾವ ಅಂತ ಹೆದರೀ ಏನು?” ಎನ್ನುತ್ತ ಒಳಗೆ ಹೋಗಿ ಬಿದಿರಿನ ಅಗಲ ಬಾಯಿಯ ಬುಟ್ಟಿ ತಂದುಕೊಟ್ಟರು. “ಬುಧವಾರಕ್ಕ ಬೇಕಪಾ ನನಗ. ಕಪ್ಪ ಕಾಲಿನ ಹ್ಯಾಟಿ ಕಾವಿಗೆ ಕುಂಡ್ರತೈತಿ.”

ಮರುದಿನ ಸೋಮವಾರ. ಸೋಮವಾರ ಮನೆಯಲ್ಲಿ ಕೊಯ್ಯಬಾರದೆಂದು ನನ್ನ ತಾಯಿ ತಡೆದರು. ಮಂಗಳವಾರ ಬೆಳಿಗ್ಗೆ ಬುಟ್ಟಿ ಎತ್ತಿದರೆ ಹೇಂಟೆ ಕುತ್ತಿಗೆ ಜೋಲಿಸಿ ಕೂತಿತ್ತು. ಕೆಳಗೆ ಹಸಿರು ಹಿಕ್ಕೆ. ನಾನು ಅದನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ಹಳ್ಳದ ಆಚೆ ಕೊಂದು ಹೂತೆ. ಬೆಕ್ಕು ಎಳೆದೊಯ್ದಿತು ಎಂದು ಮನೆಯಲ್ಲಿ ಹೇಳಿದೆ. ಬುಟ್ಟಿಯನ್ನು ಕೊಡವಿ, ಚಿಂದಿಯಿಂದ ಒರೆಸಿ, ಮಧ್ಯಾಹ್ನ ಗೋಡೆಯ ಮೇಲಿಂದ ಚಾಚಾರಿಗೆ ತಿರುಗಿ ಕೊಟ್ಟೆ. ಹಿತ್ತಲಿನಲ್ಲೇ ತೊಳೆದರೆ ಯಾಕೆ ತೊಳೆಯುತ್ತೀ ಎಂದು ಕೇಳುತ್ತಾರೆಂದು ತೊಳೆಯಲಿಲ್ಲ. ಬೇನೆಯ ಕೋಳಿ ಕೂತ ಬುಟ್ಟಿ ಎಂದು ಒಂದು ಮಾತು ಹೇಳಿದ್ದರೆ ಅವರು ಅದನ್ನು ಸುಟ್ಟುಹಾಕುತ್ತಿದ್ದರು, ನನ್ನನ್ನು ನಾಲ್ಕು ಬೈಯುತ್ತಿದ್ದರು. ಅಷ್ಟೇ ಆಗುತ್ತಿತ್ತು.

ಬುಧವಾರ ಅವರು ಆ ಬುಟ್ಟಿಯಲ್ಲಿ ಹೊಟ್ಟು ಹಾಸಿ, ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಒಂದು ಇದ್ದಲು ಚೂರು, ಒಂದು ಕಬ್ಬಿಣದ ಮೊಳೆ ಇಟ್ಟು, ಹನ್ನೊಂದು ಮೊಟ್ಟೆಯ ಮೇಲೆ ಕಪ್ಪು ಕಾಲಿನ ಹೇಂಟೆಯನ್ನು ಕೂರಿಸಿದರು. ನಾನು ಮಗ್ಗದಲ್ಲಿ ಕೂತು ಅವರು ಅದರೊಂದಿಗೆ ಮಾತಾಡುವುದನ್ನು ಕೇಳುತ್ತಿದ್ದೆ.

ಒಂದು ವಾರಕ್ಕೆ ಆ ಹೇಂಟೆ ಮೊಟ್ಟೆಗಳ ಮೇಲೆ ಕೂತಂತೆಯೇ ಸತ್ತಿತು. ಅಲ್ಲಿಂದ ಮುಂದೆ ದಿನವೂ ನಾಲ್ಕು, ಐದು. ಹಮ್ಮಿಗಿಯ ಹೊಸ ಹುಂಜವೂ ಹೋಯಿತು. ಹಿತ್ತಲಿನಿಂದ ಓಣಿಗೆ, ಅರ್ಧ ಪಾಲಿಗೆ ಕೊಟ್ಟ ಮನೆಗಳಿಗೆ ಹಬ್ಬಿತು. ಹದಿನೈದು ದಿನಗಳಲ್ಲಿ ನಮ್ಮ ಓಣಿಯಲ್ಲಿ ಬೆಳಗಿನ ಕೋಳಿ ಕೂಗು ನಿಂತಿತು.

ಮೊದಲ ಹೇಂಟೆ ಸತ್ತ ದಿನ ಚಾಚಾ ಹನ್ನೊಂದು ಮೊಟ್ಟೆಗಳನ್ನು ಹೊಸದಾಗಿ ಹಿಂಜಿದ ಹತ್ತಿಯಲ್ಲಿ ಸುತ್ತಿ, ಹಳೆಯ ಧೋತರದ ಪಟ್ಟಿಯಿಂದ ತಮ್ಮ ಹೊಟ್ಟೆಗೆ ಕಟ್ಟಿಕೊಂಡರು. ಕಾವಿಗೆ ಬಂದ ಬೇರೆ ಹೇಂಟೆ ಆಗ ಇರಲಿಲ್ಲ. ಬಿಲ್ಲು ಎಳೆದರೆ ಮೊಟ್ಟೆಗೆ ಪೆಟ್ಟಾಗುತ್ತದೆಂದು ಕೆಲಸ ಬಿಟ್ಟರು. ಗಾದಿಯ ಹಂಗಾಮಿನಲ್ಲಿ ಮನೆಯಲ್ಲೇ ಒಲೆಯ ಹತ್ತಿರ ಗೋಡೆಗೊರಗಿ ಕೂತಿರುತ್ತಿದ್ದರು. ನನ್ನ ಹೆಂಡತಿ ಒಂದು ದಿನ ಕೂಸನ್ನು ಎತ್ತಿಕೊಂಡು ನೋಡಲು ಹೋದಳು. “ಬಾ ತಂಗೆವ್ವಾ, ಕುಂಡ್ರು. ನೀನೂ ಬಾಣಂತಿ, ನಾನೂ ಬಸರಿ,” ಎಂದರಂತೆ. ಅವಳು ನಕ್ಕಳು, ಮನೆಗೆ ಬಂದು ನನಗೆ ಹೇಳಿ ಮತ್ತೆ ನಕ್ಕಳು. ನಾನು ಎದ್ದು ಮಗ್ಗಕ್ಕೆ ಹೋಗಿ ಕೂತೆ. ಒಂಬತ್ತನೆಯ ದಿನ ವಾಸನೆ ಬಂತು. ಪಟ್ಟಿ ಬಿಚ್ಚಿದರು.

ಸುದ್ದಿ ಕೇಳಿ ಹಮ್ಮಿಗಿಯಿಂದ ತಮ್ಮ ಓಡಿ ಬಂದರು. ಖಾಲಿ ಹಿತ್ತಲಿನಲ್ಲಿ ಅಣ್ಣ ತಮ್ಮ ಎದುರು ಬದುರು ನಿಂತಿದ್ದಾಗ ನಾನೂ ಅಲ್ಲಿದ್ದೆ.

“ಆ ಹುಂಜಾನ್ನ ಇಪ್ಪತ್ತೊಂದ ದಿನ ಬ್ಯಾರೆ ಇಟ್ಟಿದ್ಯಾ?” ಎಂದು ಕೇಳಿದರು ಚಾಚಾ. ಅವರು ಅದನ್ನು ಕೇಳಿದ್ದು ಅದೇ ಮೊದಲು.

“ಇಟ್ಟಿದ್ದೆ ಅಣ್ಣಾ. ಅಲ್ಲಿ ನನ್ನ ಹಿಂಡಿಗೆ ಏನೂ ಆಗಿಲ್ಲ, ಬಂದು ನೋಡು.”

“ನಿನ್ನ ಹುಂಜ ಬಿಟ್ಟು ಹೊರಗಿಂದು ಒಂದು ಗರೀನೂ ಈ ಹಿತ್ತಲಕ್ಕ ಬಂದಿಲ್ಲ. ಖರೆ ಹೇಳು. ದಾರ್ಯಾಗ ಯಾವ ಸಂತ್ಯಾಗ ಇಳದಿದ್ಯೋ?”

“ಖುರಾನ್ ಮುಟ್ಟಿ ಹೇಳತೇನಿ—”

“ನಿನ್ನ ಮೈಗಳ್ಳತನಕ್ಕ ಖುರಾನ್ ಯಾಕ ತರ್ತೀ?” ಎಂದ ಚಾಚಾ ನನ್ನ ಕಡೆ ತಿರುಗಿದರು. ದನಿ ತಗ್ಗಿತು. “ತಮ್ಮಾ, ನೀ ನಡಕಿನ ಮನಶ್ಯಾ. ನೀನ ಹೇಳು. ಹೊರಗಿನ ಮತ್ತ್ಯಾವುದರ ಕೋಳಿ ನಮ್ಮ ಓಣಿಗೆ ಬಂದಿತ್ತೇನು?”

ಇಬ್ಬರೂ ನನ್ನ ಮುಖ ನೋಡುತ್ತಿದ್ದರು. ತಮ್ಮನ ಕಣ್ಣಿನಲ್ಲಿ ಆಸೆ ಇತ್ತು.

“ನನಗೇನೂ ಗೊತ್ತಿಲ್ರಿ ಚಾಚಾ,” ಎಂದೆ.

ತಮ್ಮ ನೀರನ್ನೂ ಕುಡಿಯದೆ ಹೋದರು. ಯಾಕೆ ಹಾಗೆ ಹೇಳಿದೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ನೂಲಿಗೆ ಎಂದು ಹೇಳಿದ ಸಣ್ಣ ಸುಳ್ಳು ಹೊರಬೀಳುತ್ತದೆಂಬ ನಾಚಿಕೆ. ಮಾವನವರ ಹೆಸರು ಓಣಿಯ ಬಾಯಿಗೆ ಬೀಳುತ್ತದೆಂಬ ಹೆದರಿಕೆ. ನನ್ನ ಕೂಸಿನ ತೊಟ್ಟಿಲಿನ ಮೆತ್ತೆ ಚಾಚಾ ಹಿಂಜಿ ಕೊಟ್ಟದ್ದು, ಅದು ಬೇರೆ. ಅಣ್ಣ ತಮ್ಮನ ಜಗಳ ಒಂದು ಹಬ್ಬ ಬಂದರೆ ಸರಿಹೋಗುತ್ತದೆ ಎಂದೂ ನಂಬಿದ್ದೆ.

ಸರಿಹೋಗಬಹುದಿತ್ತು. ಮುಂದಿನ ವರ್ಷ ತಮ್ಮ ಯಾರದೋ ಕೈಯಲ್ಲಿ ಬಟ್ಟೆ ಮುಚ್ಚಿದ ಬುಟ್ಟಿ ಕಳಿಸಿಕೊಟ್ಟರು. ಒಳಗೆ ಒಂದು ಹುಂಜ, ಎರಡು ಹೇಂಟೆ. ಬೆಟಗೇರಿಯಲ್ಲಿ ಆ ತಳಿ ಮತ್ತೆ ಕಣ್ಣು ಬಿಡಲು ಅಷ್ಟು ಸಾಕಿತ್ತು. ಚಾಚಾ ಕಟ್ಟೆಯ ಮೇಲೆ ಕೂತಿದ್ದರು, ನಾನು ಪಕ್ಕದಲ್ಲಿದ್ದೆ. ಬಟ್ಟೆಯ ಒಳಗಿನಿಂದ ಹುಂಜ ಗಂಟಲಲ್ಲಿ ಸಣ್ಣಗೆ ದನಿ ಮಾಡಿತು. ಅವರ ಕೈ ಒಂದು ಕ್ಷಣ ಬಟ್ಟೆಯ ಅಂಚಿಗೆ ಹೋಯಿತು. ಆಮೇಲೆ ಹಿಂದಕ್ಕೆ ತೆಗೆದುಕೊಂಡರು. “ಮಾತು ಕೆಟ್ಟವನ ಮನಿ ಬೀಜ ನನಗ ಬ್ಯಾಡ. ಒಯ್ದು ಕೊಡು,” ಎಂದರು. ಬುಟ್ಟಿ ತಂದವನು ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

ಆಮೇಲೆ ಅವರು ಕೋಳಿ ಸಾಕಲಿಲ್ಲ. ಹತ್ತಿ ಹಿಂಜುವುದು ನಡೆದೇ ಇತ್ತು. ನನ್ನ ಜೊತೆ ಮೊದಲಿಗಿಂತ ಹೆಚ್ಚು ಮಾತಾಡುತ್ತಿದ್ದರು. ಚಾಚಿ ಮೊದಲೇ ತೀರಿಹೋಗಿದ್ದರಿಂದ ಹಬ್ಬದ ದಿನ ನಮ್ಮಲ್ಲೇ ಉಣ್ಣುತ್ತಿದ್ದರು. ನನ್ನ ಮಗಳು ದೊಡ್ಡ ದನಿಯವಳು. ಅವಳು ಅತ್ತರೆ ಗೋಡೆಯ ಆಚೆಯಿಂದ, “ಕೇಳ್ರಿ, ಹದ್ದು ಬಂದ್ರ ಮೊದಲ ಒದರಾಕಿ ಇಕೀನ. ಇಕೀಗೆ ಕೆಂಪ ದಾರ ಕಟ್ರಿ,” ಎನ್ನುತ್ತಿದ್ದರು. ಓಣಿಯಲ್ಲಿ ಹೋಗುವಾಗ ಯಾರದಾದರೂ ಮನೆಯ ಮುಂದೆ ಮರಿಗಳ ಹಿಂಡು ಕಂಡರೆ ನಿಂತು ನೋಡುವರು. ಆ ಮೂಲೆಯದನ್ನು ಮಾರಬೇಡಿ ಎನ್ನುವರು. ಯಾರೂ ಅವರ ಮಾತು ಲೆಕ್ಕಿಸುತ್ತಿರಲಿಲ್ಲ.

ಈ ಮಳೆಗಾಲದಲ್ಲಿ ಎದೆಯ ನೋವು, ಜ್ವರ ಬಂದು ಮಲಗಿದರು. ಲಕ್ಷ್ಮೇಶ್ವರಕ್ಕೆ ಕೊಟ್ಟ ಮಗಳು ಬಂದು ನೋಡಿಕೊಂಡಳು. ದಿನವೂ ಮಧ್ಯಾಹ್ನ ಚಾಚಾ ಕಣ್ಣು ತೆರೆದು ಕೇಳುತ್ತಿದ್ದರು. “ಮುಂಡರಗಿ ಮೋಟಾರ ಬಂತೇನು?”

“ಬಂತ್ರಿ,” ಎನ್ನುತ್ತಿದ್ದೆ.

“ಯಾರರ ಇಳದ್ರೇನು?”

“ಯಾರೂ ಇಲ್ರಿ.”

ಮಗಳಿಗೆ ಆ ಮಾತಿನ ಅರ್ಥ ಹೊಳೆಯಲಿಲ್ಲ, ಜ್ವರದ ಗುಂಗು ಎಂದುಕೊಂಡಳು. ನನಗೆ ಹೊಳೆಯಿತು. ಹಮ್ಮಿಗಿಗೆ ಹೇಳಿಕಳಿಸಿದರೆ ತಮ್ಮ ಬರುತ್ತಾರೆ, ತಮ್ಮ ಬಂದರೆ ಆ ಮಾತು ಮತ್ತೆ ಎದ್ದು ನನ್ನ ಹತ್ತಿರ ಬಂದು ನಿಲ್ಲುತ್ತದೆ ಎಂದು ಒಂದು ದಿನ ಮುಂದೂಡಿದೆ. ಇನ್ನೊಂದು ದಿನ ಮುಂದೂಡಿದೆ. ಐದನೆಯ ದಿನ ಚಾಚಾ ಹೋದರು. ಸುದ್ದಿ ಮುಟ್ಟಿ ತಮ್ಮ ಬರುವಷ್ಟರಲ್ಲಿ ಮಣ್ಣಾಗಿತ್ತು. ನಾನೂ ಮೂರು ಹಿಡಿ ಮಣ್ಣು ಹಾಕಿ ಬಂದಿದ್ದೆ.

ನಲವತ್ತನೆಯ ದಿನ ಕಳೆದ ಮೇಲೆ ನಾನು ಹಮ್ಮಿಗಿಗೆ ಹೋದೆ. ತಮ್ಮ ಹೊಳೆಯ ದಂಡೆಯ ಬದನೆ ತೋಟದಲ್ಲಿ ಮಡಿ ಕಟ್ಟುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಮಾವನವರು ತಂದ ಹೇಂಟೆ, ಬುಟ್ಟಿ, ಅಂದು ನಾನು ಆಡಿದ ಸುಳ್ಳು, ಮುಂಡರಗಿ ಮೋಟಾರು. ಅವರು ಸಲಿಕೆಯ ಹಿಡಿಯ ಮೇಲೆ ಕೈ ಇಟ್ಟು ಕೇಳಿದರು. ಬೈಯುತ್ತಾರೆಂದು ಕಾದೆ.

“ಮೋಟಾರ ಬಂತೇನು ಅಂತ ಎಷ್ಟ ದಿನ ಕೇಳಿದಾ?” ಎಂದರು.

“ನಾಕ ದಿನಾರಿ.”

“ಕೋಳಿ ವಿಷಯ ಇರಲಿ. ಅದನ್ನರ ಆವಾಗ ಬಂದು ಹೇಳಬೇಕಿತ್ತಲ್ಲೋ. ನಾ ನಡಕೋಂತನೂ ಬರ್ತಿದ್ದೆ.”

ಮಡಿಗೆ ನೀರು ತುಂಬಿ ಹೊರಗೆ ಹರಿಯುತ್ತಿತ್ತು. ಅವರು ಅದನ್ನು ಕಟ್ಟಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನನ್ನನ್ನು ಮನೆಗೆ ಕರೆದುಕೊಂಡು ಹೋಗಿ ನೀರು ಕೊಟ್ಟರು. ಅವರ ಅಂಗಳದಲ್ಲಿ ಕೋಳಿಗಳಿದ್ದವು. ಬಿಳಿ, ಚುಕ್ಕೆ, ಬೋಳು ಕುತ್ತಿಗೆ, ಎಲ್ಲ ಕಲಬೆರಕೆ. ಹಳೆಯ ತಳಿ ಎಲ್ಲಿ ಎಂದು ನಾನು ಕೇಳಿದೆ.

“ಅಣ್ಣ ಬುಟ್ಟಿ ತಿರುಗಿ ಕಳಿಸಿದ ಮ್ಯಾಲ ಆರಸಾಕ ಮನಸ್ಸ ಬರಲಿಲ್ಲ. ಯಾರ ಸಲುವಾಗಿ ಆರಸೂದು? ಊರಾಗಿನ ಹುಂಜ ಬಂದ್ವು, ಕೂಡಿದ್ವು. ಬಿಟ್ಟುಬಿಟ್ಟೆ. ಮೂರು ಸಾಲಿಗೆ ಎಲ್ಲಾ ಮುಗೀತು.”

ನಾನು ಎದ್ದೆ. ಅವರೂ ಎದ್ದು ಮೋಟಾರು ನಿಲ್ಲುವ ಜಾಗದವರೆಗೆ ನನ್ನ ಜೊತೆ ನಡೆದು ಬಂದರು. ದಾರಿಯಲ್ಲಿ ಬದನೆಯ ಹುಳುವಿನ ಬಗ್ಗೆ, ನನ್ನ ಮಕ್ಕಳ ಶಾಲೆಯ ಬಗ್ಗೆ ಮಾತಾಡಿದರು. ನನ್ನನ್ನು ಕ್ಷಮಿಸಿದೆ ಎಂದು ಹೇಳಲಿಲ್ಲ.